ಬಿಟ್ಟ ಎರಡು ವಾಕ್ಯ

ಹೋದ ತಿಂಗಳು ಬೇಗಂ ಬಜಾರಿಗೆ ಹೋಗಿದ್ದೆ. ಮನೆಯಲ್ಲಿ ಒಂದು ನಾಮಕರಣ. ಒಣಕೊಬ್ಬರಿ, ಉತ್ತತ್ತಿ, ಗಸಗಸೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈಗ ಎಲ್ಲವೂ ಫೋನಿನಲ್ಲಿ ಒತ್ತಿದರೆ ಬಾಗಿಲಿಗೇ ಬರುತ್ತದೆ. ಆದರೂ ನಮ್ಮವರಿಗೆ ಬೇಗಂ ಬಜಾರಿನ ಉತ್ತತ್ತಿಯೇ ಆಗಬೇಕು. ಒಂದು ಅಂಗಡಿಯ ಮುಂದೆ ದೊಡ್ಡ ಬಾಣಲೆಯಲ್ಲಿ ಮೆಂತ್ಯ ಹುರಿಯುತ್ತಿದ್ದರು. ಒಳಗೆ ಗಿರಣಿಯಲ್ಲಿ ಒಣ ನೇರಳೆ ಬೀಜ ಪುಡಿಯಾಗುತ್ತಿತ್ತು. ಆ ಕಹಿ, ಈ ಒಗರು, ಎರಡೂ ಸೇರಿ ಮೂಗಿಗೆ ಬಂದಾಗ ನಾನು ದಾರಿ ನಡುವೆಯೇ ನಿಂತುಬಿಟ್ಟೆ. ಹಿಂದಿನಿಂದ ಕೈಗಾಡಿಯವನು "ಅಮ್ಮಾ, ಜರಾ ಬಾಜೂ" ಎಂದ. ಸರಿದು ನಿಂತೆ. ಉತ್ತತ್ತಿ ತೆಗೆದುಕೊಳ್ಳದೆ ಹಾಗೇ ಮನೆಗೆ ಬಂದೆ. ಕೇಳಿದವರಿಗೆ, ಚೆನ್ನಾಗಿರಲಿಲ್ಲ ಎಂದು ಹೇಳಿದೆ.

ಸುಳ್ಳು ಹೇಳುವುದು ನನಗೆ ಕಷ್ಟವಲ್ಲ. ಸುಮಾರು ಒಂದು ವರ್ಷ ಅದೇ ನನ್ನ ಉದ್ಯೋಗವಾಗಿತ್ತು.

ಹೊಸ ಶತಮಾನ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಹೈದರಾಬಾದಿನ ಪಶ್ಚಿಮಕ್ಕೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ದಿಲ್‌ಸುಖ್‌ನಗರದ ನಮ್ಮ ಬೀದಿಯಲ್ಲಿ ಇಡ್ಲಿ ಬಂಡಿಗಳಿಗಿಂತ ಕಂಪ್ಯೂಟರ್ ಕಲಿಸುವ ಕೋಚಿಂಗ್ ಸೆಂಟರುಗಳೇ ಹೆಚ್ಚಾಗಿದ್ದವು. ಆ ಬೀದಿಯ ಒಂದು ಮಹಡಿ ಮನೆಯಲ್ಲಿ ನಾನು ಚಿಗವ್ವನ ಜೊತೆಗಿದ್ದೆ. ಚಿಗವ್ವ ಅಂದರೆ ನನ್ನ ಅವ್ವನ ತಂಗಿ, ಗೌರವ್ವ. ಪಿಯುಸಿ ಮುಗಿಸಿ ರಾಯಚೂರಿನಿಂದ ಟ್ರಂಕು ಹಿಡಿದು ಅವಳ ಮನೆಗೆ ಬಂದ ನಾನು, ಡಿಗ್ರಿ ಮುಗಿದರೂ ಅಲ್ಲಿಂದ ಕದಲಿರಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ನಾನು ಬರುವುದು ಎಷ್ಟು ತಡವಾದರೂ ಊಟಕ್ಕೆ ಕಾಯುತ್ತಿದ್ದಳು, ನನ್ನ ತಾಟಿಗೆ ಬಿಸಿ ರೊಟ್ಟಿ ಬಿದ್ದ ಮೇಲೆಯೇ ತಾನು ಒಂದು ತುತ್ತು ಬಾಯಿಗಿಡುತ್ತಿದ್ದಳು.

ಅವಳ ಗಂಡನನ್ನು ನಾನು ಕಾಕಾ ಅನ್ನುತ್ತಿದ್ದೆ. ಕಾಕಾ ಸರ್ಕಾರದಲ್ಲಿ ಔಷಧ ಇನ್‌ಸ್ಪೆಕ್ಟರು. ಅವರ ಅಜ್ಜನ ಕಾಲದಿಂದಲೂ ಅವರು ಹೈದರಾಬಾದಿನವರೇ. ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡ ಅವರ ಮನೆಮಾತು, ಆದರೆ ಒಂದು ಅಕ್ಷರ ಓದಲು ಬರುತ್ತಿರಲಿಲ್ಲ. ರಾಯಚೂರಿನಿಂದ ಕಾಗದ ಬಂದರೂ, ಮದುವೆ ಕಾರ್ಡು ಬಂದರೂ ಚಿಗವ್ವ ಇಲ್ಲವೆ ನಾನು ಓದಿ ಹೇಳಬೇಕಿತ್ತು. ಅವರು ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ಓದಿದ್ದು ಸರಿಯೋ ತಪ್ಪೋ ಎಂದು ಒಂದು ದಿನವೂ ಕೇಳಿದವರಲ್ಲ.

ಚಿಗವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ಗುಳಿಗೆ ನುಂಗುತ್ತಿದ್ದಳು, ಪಥ್ಯ ಅಷ್ಟಕ್ಕಷ್ಟೇ. ಸಂಜೆಯಾದರೆ ಅಂಗಾಲು ಉರಿ ಶುರುವಾಗುತ್ತಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕೂತು, ಟವೆಲ್ಲನ್ನು ತಣ್ಣೀರಲ್ಲಿ ಅದ್ದಿ ಪಾದಕ್ಕೆ ಸುತ್ತಿಕೊಂಡು, "ಹಂಚಿನ ಮ್ಯಾಲ ನಿಂತಂಗ ಆಗಾಕತ್ತೈತಿ ಲೀಲಾ" ಅನ್ನುತ್ತಿದ್ದಳು. ನಾನು ಟವೆಲ್ಲು ಬದಲಿಸಿಕೊಡುತ್ತಿದ್ದೆ. ಆ ಮಾತನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಕೊನೆಗೆ ಅದು ನನ್ನ ಮಾತೇ ಆಗಿಹೋಯಿತು.

ಆ ಬೇಸಿಗೆಯಲ್ಲಿ ನನಗೆ ಕೆಲಸ ಸಿಕ್ಕಿತು. ಕೋಠಿಯಲ್ಲಿ ಬಸ್ಸು ಬದಲಿಸಿ, ಲಿಂಗಂಪಲ್ಲಿ ಕಡೆಯ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಬೇಕು. ಆರೋಗ್ಯದ ಸಾಮಾನು ಮಾರುವ ಒಂದು ಜಾಲತಾಣದ ಕಂಪನಿ. ಮನೆಯಲ್ಲಿ ಮಾತ್ರ "ಕಂಪ್ಯೂಟರ್ ಆಫೀಸು, ಅನುವಾದದ ಕೆಲಸ" ಎಂದಷ್ಟೇ ಹೇಳಿದೆ. ಔಷಧ ಇನ್‌ಸ್ಪೆಕ್ಟರ ಮನೆಯಲ್ಲಿ ಉಂಡು ಹೋಗಿ ಅಲ್ಲಿ ಪುಡಿ ಮಾರುತ್ತೇನೆಂದು ಹೇಳಲು ಬಾಯಿ ಬರಲಿಲ್ಲ. ಮಾಲೀಕ ಕಿರಣ್, ಅಮೆರಿಕದಲ್ಲಿ ಓದಿ ಬಂದವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಪ್ರತಿ ಸೋಮವಾರ ಬೆಳಿಗ್ಗೆ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಭಾಷಣ ಮಾಡುತ್ತಿದ್ದ. ಗಿರಾಕಿ ದಡ್ಡನಲ್ಲ ಅನ್ನುತ್ತಿದ್ದ. ಒಳ್ಳೆಯ ಮಾಲು ಬದುಕುತ್ತದೆ, ಕೆಟ್ಟ ಮಾಲು ತಾನಾಗಿ ಸಾಯುತ್ತದೆ, ನಡುವೆ ಸರ್ಕಾರಕ್ಕೇನು ಕೆಲಸ? ಲೈಸೆನ್ಸು, ಇನ್‌ಸ್ಪೆಕ್ಟರು ಅಂತ ಐವತ್ತು ವರ್ಷ ದೇಶದ ಕುತ್ತಿಗೆ ಹಿಚುಕಿದ್ದು ಸಾಲದೆ? ನಾವೆಲ್ಲ ತಲೆಯಾಡಿಸುತ್ತಿದ್ದೆವು. ಇಪ್ಪತ್ಮೂರರ ವಯಸ್ಸಿಗೆ ಏಸಿ ಕೋಣೆಯಲ್ಲಿ ನಿಂತು ಕೇಳಿದರೆ ಯಾವ ಮಾತೂ ಸರಿಯೆನಿಸುತ್ತದೆ.

ಕಂಪನಿಯ ದೊಡ್ಡ ಮಾಲು ಒಂದು ಪುಡಿ. ನೇರಳೆ ಬೀಜ, ಮೆಂತ್ಯ, ಹಾಗಲಕಾಯಿ. ಅದಕ್ಕೊಂದು ಚಂದದ ಸಂಸ್ಕೃತ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬೀದರ್, ಗುಲಬರ್ಗಾ, ರಾಯಚೂರಿನ ಮನೆಗಳಲ್ಲಿ ಆಗ ಇಂಟರ್ನೆಟ್ಟು ಎಲ್ಲಿತ್ತು? ಹಾಗಾಗಿ ಕಿರಾಣಿ ಅಂಗಡಿಗಳಲ್ಲಿ ಹಂಚಲು ಕನ್ನಡದಲ್ಲಿ ಒಂದು ಕರಪತ್ರ ಬರೆಯಲು ಹೇಳಿದರು. ಕಂಪನಿಗೊಬ್ಬ ವಕೀಲರಿದ್ದರು. ಸಕ್ಕರೆ ಕಾಯಿಲೆಗೆ ಮದ್ದು ಎಂದು ಜಾಹೀರಾತು ಕೊಡುವುದನ್ನು ತಡೆಯುವ ಹಳೆಯ ಕಾನೂನೊಂದಿದೆ ಎಂದು ಅವರೇ ನನಗೆ ತಿಳಿಹೇಳಿದರು. ಅದಕ್ಕೇ ಡಬ್ಬಿಯ ಮೇಲೆ ಔಷಧ ಅಂತ ಇರಲಿಲ್ಲ, ಆಹಾರ ಅಂತ ಇತ್ತು. ಕರಪತ್ರದಲ್ಲಿ ರೋಗದ ಹೆಸರು ನಾವು ಎತ್ತಬಾರದು. "ಗಿರಾಕಿ ಎತ್ತಿದರೆ ಅದು ಅವರ ಅನುಭವ" ಎಂದು ಹೇಳಿ ವಕೀಲರು ಎದ್ದರು. ಒಬ್ಬ ಗಿರಾಕಿಯನ್ನು ಹುಟ್ಟಿಸಿಕೊಳ್ಳುವ ಕೆಲಸ ನನಗೆ ಬಿತ್ತು.

ಮೊದಲು ಪಠ್ಯಪುಸ್ತಕದ ಕನ್ನಡದಲ್ಲಿ ಬರೆದೆ. ಸಪ್ಪೆಯಾಗಿತ್ತು, ಯಾರೂ ನಂಬುವ ಹಾಗಿರಲಿಲ್ಲ. ಹರಿದುಹಾಕಿ ಮನೆಮಾತಿನಲ್ಲಿ ಬರೆಯಲು ಕೂತೆ. ಗುಲಬರ್ಗಾದ ಶಾಂತಾಬಾಯಿ ಎಂಬ ಹೆಣ್ಣುಮಗಳೊಬ್ಬಳು ಅರ್ಧ ಗಂಟೆಯಲ್ಲಿ ಎದ್ದು ಕೂತಳು. "ಸಂಜಿ ಆತಂದ್ರ ಅಂಗಾಲು ಹಂಚಿನ ಮ್ಯಾಲ ನಿಂತಂಗ ಉರೀತಿದ್ದವ್ರಿ. ತಣ್ಣೀರ ಟವೆಲ್ಲು ಸುತ್ತಕೊಂಡು ಕೂಡತಿದ್ದೆ. ಈ ಪುಡಿ ತಗೊಂಡ ಮ್ಯಾಲ ಕಾಲು ಹೂವಿನಂಗ ಹಗುರ ಆಗ್ಯಾವ. ನನ್ನ ಸಕ್ರಿ ಬ್ಯಾನಿ ಹೇಳಹೆಸರಿಲ್ಲದಂಗ ಹೋತು. ಗುಳಗಿ ಡಬ್ಬಿ ಮುಚ್ಚಿ ದೇವರ ಜಗಲಿ ಮ್ಯಾಲ ಇಟ್ಟೀನಿ, ಮೂರು ತಿಂಗಳಾತು, ಮುಟ್ಟಿಲ್ಲ." ಕೊನೆಯ ಎರಡು ವಾಕ್ಯ ಬರೆಯಲು ಯಾರೂ ಹೇಳಿರಲಿಲ್ಲ. ಬರವಣಿಗೆ ಓಟ ಹಿಡಿದಿತ್ತು, ನಾನೇ ಸೇರಿಸಿದೆ. ಕಿರಣ್ ಅರ್ಥ ಕೇಳಿ ಬೆನ್ನು ತಟ್ಟಿದ. ಅವತ್ತು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಖುಷಿಯಾಗಿದ್ದೆ.

ಆಷಾಢದ ಗಾಳಿ ಶುರುವಾದಾಗ ಮನೆಯಲ್ಲಿ ಊಟದ ಹೊತ್ತಿಗೆ ವಾದ ಶುರುವಾಯಿತು. ಕಾಕಾ ಕೂದಲು ಬೆಳೆಸುವ ಎಣ್ಣೆಯೊಂದರ ಮೇಲೆ ಕೇಸು ಹಾಕಿ ಬಂದಿದ್ದರು. ನಾನು ಕಿರಣನ ಮಾತುಗಳನ್ನೇ ಅವರ ಮುಂದೆ ಇಟ್ಟೆ. "ತಗೊಳ್ಳೋರು ಶಾಣ್ಯಾರ ಅದಾರ ಕಾಕಾ. ಎಣ್ಣಿ ಚಲೋ ಇಲ್ಲಂದ್ರ ಎರಡನೇ ಸಲ ಯಾರು ತಗೋತಾರ? ನಡುವ ಸರ್ಕಾರಕ್ಕ ಏನ ಕೆಲಸರಿ?"

ಕಾಕಾ ನಕ್ಕರು. "ಎಣ್ಣಿಗೆ ಆ ಮಾತು ನಡೀತೈತಿ. ಕೂದ್ಲ ಹೋದ್ರ ಹೋಗ್ಲಿ. ಔಷಧದಾಗ ಒಂದನೇ ಸಲನ ಮನಷ್ಯಾ ಹೋದ್ರ, ಎರಡನೇ ಸಲ ತಗೊಳ್ಳಾಕ ಯಾರು ಬರತಾರ?"

"ಎಲ್ಲಾ ಕಾನೂನಿನ ಮ್ಯಾಲ ಬಿಟ್ರ ಜನರಿಗೆ ಬುದ್ಧಿ ಇಲ್ಲ ಅಂದಂಗ ಆತಲ್ರಿ."

ರೊಟ್ಟಿ ಬಡಿಸಲು ಬಂದಿದ್ದ ಚಿಗವ್ವ ನಡುವೆ ಬಾಯಿ ಹಾಕಿದಳು. "ಲೀಲಾ ಅನ್ನೋದು ಖರೇ ಐತಿ ನೋಡ್ರಿ. ನನ್ನ ಕಾಲು, ನನ್ನ ಉರಿ. ಹಗುರ ಆತೋ ಇಲ್ಲೋ ನನಗ ತಿಳೀತೈತಿ, ನಿಮ್ಮ ಸರ್ಕಾರಕ್ಕ ಏನ ತಿಳೀತೈತಿ?" ನನಗೆ ಗೆದ್ದ ಹಾಗಾಯಿತು. ಕಾಕಾ ಇಬ್ಬರು ವಕೀಲರ ಮುಂದೆ ತಮ್ಮದು ನಡೆಯುವುದಿಲ್ಲ ಎಂದು ತಮಾಷೆ ಮಾಡಿ ಕೈ ತೊಳೆದರು.

ಶ್ರಾವಣದ ಸಾಮಾನನ್ನು ಚಿಗವ್ವ ಪ್ರತಿ ವರ್ಷ ಬೇಗಂ ಬಜಾರಿನ ಒಂದೇ ಅಂಗಡಿಯಿಂದ ತರುತ್ತಿದ್ದಳು. ಅಂಗಡಿಯವರು ಬೀದರ್ ಕಡೆಯವರು, ಅವಳ ಜೊತೆ ಕನ್ನಡದಲ್ಲೇ ಮಾತು. ಆ ಸಲ ಅವರು ಬೆಲ್ಲದ ಜೊತೆ ಒಂದು ಕರಪತ್ರವನ್ನೂ ಕೊಟ್ಟರಂತೆ, "ನಿಮ್ಮ ಕನ್ನಡದಾಗೇ ಐತಿ ನೋಡ್ರಿ ಅಕ್ಕಾರ" ಎಂದು. ಇದು ನನಗೆ ಬಹಳ ಆಮೇಲೆ ತಿಳಿದದ್ದು. ಹೈದರಾಬಾದಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳು ಅವಳು. ಬಸ್ಸಿನ ಬೋರ್ಡು ತೆಲುಗು, ಡಾಕ್ಟರ ಚೀಟಿ ಇಂಗ್ಲಿಷು, ಅಂಗಡಿಯ ಮಾತು ಹಿಂದಿ. ಊರಿನ ಪತ್ರಿಕೆ ಎಂದಾದರೂ ಕೈಗೆ ಬಂದರೂ ಅದರಲ್ಲಿರುವುದು ಪುಸ್ತಕದ ಕನ್ನಡ. ತಾನು ಅಡುಗೆಮನೆಯಲ್ಲಿ ಆಡುವ ಮಾತನ್ನು ಅಚ್ಚಿನಲ್ಲಿ ಅವಳು ನೋಡಿದ್ದು ಜೀವಮಾನದಲ್ಲಿ ಅದೇ ಮೊದಲು. ಅದರಲ್ಲಿ ತನ್ನದೇ ಕಾಲಿನ ಉರಿ ಇತ್ತು. ತಣ್ಣೀರಿನ ಟವೆಲ್ಲೂ ಇತ್ತು. ನಂಬದೆ ಏನು ಮಾಡುತ್ತಾಳೆ? ಗಂಡ ಬೈಯುತ್ತಾನೆಂದು ಪುಡಿಯ ಡಬ್ಬಿಯನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದಿಟ್ಟಳು. ಗುಳಿಗೆಯ ಡಬ್ಬಿಯನ್ನು ಮುಚ್ಚಿ, ಶಾಂತಾಬಾಯಿಯಂತೆಯೇ, ದೇವರ ಜಗಲಿಯ ಮೇಲಿಟ್ಟಳು. ಅದು ಅಲ್ಲಿರುವುದನ್ನು ನಾನು ದಿನಾ ನೋಡುತ್ತಿದ್ದೆ. ನೆನಪಿರಲೆಂದು ಅಲ್ಲಿಟ್ಟುಕೊಂಡಿದ್ದಾಳೆ ಅಂದುಕೊಂಡಿದ್ದೆ.

ದಸರೆಯ ದಿನ ಚಿಗವ್ವ ಬನ್ನಿ ಕೊಡಲು ಪಕ್ಕದ ಮನೆಗಳಿಗೆ ಹೋಗಿದ್ದಳು. ಕಾಕಾ ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ನನ್ನ ಕರಪತ್ರ.

"ಇದನ್ನ ಇಂಗ್ಲಿಷ್‌ನಾಗ ಬರದ ಕೊಡವಾ. ನನಗ ಓದಾಕ ಬರಂಗಿಲ್ಲ, ನಮ್ಮ ಸಾಹೇಬ್ರಿಗೆ ಕನ್ನಡನ ಬರಂಗಿಲ್ಲ."

"ಏನಾಗೇತ್ರಿ ಇದಕ್ಕ?"

"ಬೀದರ ಕಡೀಂದ ಒಬ್ಬಾಂವ ಅರ್ಜಿ ತಂದಿದ್ದ. ಅವರಪ್ಪ ಈ ಪುಡಿ ನೆಚ್ಚಿ ಇನ್ಸುಲಿನ್ ಸೂಜಿ ಬಿಟ್ಟಾನ. ದವಾಖಾನ್ಯಾಗ ಬಿದ್ದಾನಂತ. ಗುಳಗಿ ಬಿಡು ಅಂತ ಇದರಾಗ ಬರದಾರಂತ. ಅದೊಂದು ಸಾಬೀತಾದ್ರ ಮಾಲು ಹಿಡೀಬಹುದು."

ಯಾವ ಎರಡು ವಾಕ್ಯಕ್ಕೆ ಅವರು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಬರೆದರೆ ಕಂಪನಿಯ ಬಾಗಿಲಿಗೆ ಕಾಕಾನೇ ಬರುತ್ತಾರೆ, ಬರೆದವರು ಯಾರೆಂದು ಕೇಳುತ್ತಾರೆ, ನಾನು ಎದ್ದು ನಿಲ್ಲಬೇಕಾಗುತ್ತದೆ. ಆಫೀಸಿನಲ್ಲಿ ಆಗಷ್ಟೇ ನನ್ನನ್ನು ಭಾಷೆಗಳ ವಿಭಾಗಕ್ಕೆ ಮುಖ್ಯಸ್ಥೆ ಮಾಡುವ ಮಾತು ನಡೆದಿತ್ತು. ಇದನ್ನೆಲ್ಲ ಅವತ್ತು ಇಷ್ಟು ಬಿಡಿಸಿ ಯೋಚಿಸಿದೆನೆಂದಲ್ಲ. ಹೆದರಿಕೆಯಾಯಿತು, ಅಷ್ಟೇ. ಅವರ ಎದುರಿಗೇ ಕೂತು ಅಂದವಾದ ಅಕ್ಷರದಲ್ಲಿ ಇಂಗ್ಲಿಷಿಗೆ ಇಳಿಸಿದೆ. ಅಂಗಾಲು ಉರಿಯುತ್ತಿದ್ದುದು ಬಂತು, ಟವೆಲ್ಲು ಬಂತು, ಕಾಲು ಹಗುರಾದದ್ದೂ ಬಂತು. ಅಲ್ಲಿಗೆ ಚುಕ್ಕೆ ಇಟ್ಟೆ.

ಕಾಕಾ ಓದಿ ಹುಬ್ಬು ಗಂಟು ಹಾಕಿದರು. "ಇಷ್ಟ?"

"ಇಷ್ಟೇರಿ."

ಅವರು ಇನ್ನೊಂದು ಮಾತು ಕೇಳದೆ ಮಡಚಿ ಚೀಲಕ್ಕೆ ಹಾಕಿದರು. ಚಿಗವ್ವ ಬಂದಮೇಲೆ ಇಬ್ಬರೂ ಅವಳಿಗೆ ಬನ್ನಿ ಕೊಟ್ಟೆವು. ನಾನು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ದೀಪಾವಳಿಯ ಹೊತ್ತಿಗೆ ಕೇಸಿನ ಕಾಗದಪತ್ರ ವಾಪಸು ಬಂತು. "ರೋಗದ ಹೆಸರೂ ಇಲ್ಲ, ಮದ್ದು ಅನ್ನೋ ಮಾತೂ ಇಲ್ಲ. ಯಾರೋ ಹೆಣ್ಮಗಳು ಕಾಲು ಹಗುರಾತು ಅಂದ್ರ ಅಕೀ ಮ್ಯಾಲ ಕೇಸು ಹಾಕತೀ ಏನು ಅಂತ ಸಾಹೇಬ್ರು ಕೇಳ್ಯಾರ" ಎಂದು ಕಾಕಾ ಕೋಟು ಬಿಚ್ಚುತ್ತಾ ಹೇಳಿದರು. ಬೀದರಿನ ಮುದುಕ ಏನಾದನೆಂದು ಕೇಳಿದೆ. "ಗೊತ್ತಿಲ್ಲ, ಅವನ ಮಗ ಮತ್ತ ಬರಲಿಲ್ಲ" ಅಂದರು. ನನಗೆ ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ವರ್ಷ ಚಳಿ ಜೋರಾಗಿತ್ತು. ಬೆಳಿಗ್ಗೆ ಬಸ್ಸಿನ ಗಾಜಿನ ಮೇಲೆ ಮಂಜು ಕೂತಿರುತ್ತಿತ್ತು. ಚಿಗವ್ವ ಮಾತ್ರ ಉಲ್ಲಾಸದಲ್ಲಿದ್ದಳು. "ಉರಿ ಪೂರಾ ಹೋಗೇತಿ ನೋಡ ಲೀಲಾ. ಟವೆಲ್ಲು ಬ್ಯಾಡ, ಏನೂ ಬ್ಯಾಡ" ಅನ್ನುತ್ತಿದ್ದಳು. ನಾನು ಡಾಕ್ಟರನ್ನು ಹೊಗಳಿದೆ. ಅವಳು ಮುಖ ತಿರುಗಿಸಿ ನಕ್ಕಳು. ಉರಿ ಹೋಗಿತ್ತು, ನಿಜ. ಕಾಲಿಗೆ ತಿಳಿಯುವುದೇ ನಿಂತುಹೋಗಿತ್ತು ಅನ್ನುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಸಂಕ್ರಾಂತಿ ಮುಂಚಿನ ಒಂದು ಮುಂಜಾನೆ ಇದ್ದಿಲಿನ ಶೆಗಡಿ ಹಚ್ಚಿ, ಅದರ ಅಂಚಿಗೆ ಪಾದ ಚಾಚಿಕೊಂಡು ಎಳ್ಳು ಹಸನು ಮಾಡುತ್ತಾ ಕೂತಳು. ಏನೋ ಸುಟ್ಟ ವಾಸನೆ ಬಂತೆಂದು ನಾನೇ ಒಳಗಿನಿಂದ ಕೂಗಿ ಹೇಳಿದೆ. "ಎಳ್ಳಿನ ಸಿಪ್ಪಿ ಬಿದ್ದಿರಬೇಕು ತಗೊ" ಅಂದಳು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದದ್ದನ್ನು ಎರಡು ದಿನ ಬಿಟ್ಟು ಕಂಡಳು. ಕಂಡ ಮೇಲೂ ನಾಲ್ಕು ದಿನ ಅರಿಶಿನ ಹಚ್ಚಿ ಮುಚ್ಚಿಟ್ಟಳು. ಜ್ವರ ಬಂದು ಎಚ್ಚರ ತಪ್ಪಿದಾಗ ಆಸ್ಪತ್ರೆಗೆ ಒಯ್ದೆವು.

ವಾರ್ಡಿನಲ್ಲಿ ಡಾಕ್ಟರು, ಯಾವ ಗುಳಿಗೆ, ಎಷ್ಟು ದಿನದಿಂದ ಎಂದು ಕೇಳಿದರು. ಚಿಗವ್ವ ಗಂಡನ ಮುಖ ನೋಡಿದಳು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟಳು. ಬೇಗಂ ಬಜಾರು, ಹಿಟ್ಟಿನ ಡಬ್ಬಿ, ಪುಡಿ. "ಸಿಟ್ಟಿಗೇಳಬ್ಯಾಡ್ರಿ. ಆ ಶಾಂತಾಬಾಯಾರೂ ನನ್ನಂಗ ಇದ್ರು. ಅವರೂ ಗುಳಗಿ ಬಿಟ್ಟಾರ" ಎಂದು ಹೇಳಿ, ಕರಪತ್ರವನ್ನು ದೇವರ ಪದ ಅಂದ ಹಾಗೆ ಬಾಯಿಪಾಠ ಒಪ್ಪಿಸಿದಳು. "ನನ್ನ ಸಕ್ರಿ ಬ್ಯಾನಿ ಹೇಳಹೆಸರಿಲ್ಲದಂಗ ಹೋತು. ಗುಳಗಿ ಡಬ್ಬಿ ಮುಚ್ಚಿ ದೇವರ ಜಗಲಿ ಮ್ಯಾಲ ಇಟ್ಟೀನಿ, ಮೂರು ತಿಂಗಳಾತು, ಮುಟ್ಟಿಲ್ಲ."

ಕಾಕಾ ಅವಳನ್ನು ನೋಡುತ್ತಿದ್ದವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಅದಾಗಿ ಒಂದು ವಾರಕ್ಕೆ ಕಾಕಾನ ಮೇಜಿನ ಮೇಲೆ ಹೊಸ ಅನುವಾದವೊಂದು ಕಂಡಿತು, ಬೇರೆ ಯಾರದೋ ಕೈಬರಹ. ಅದರಲ್ಲಿ ಎಲ್ಲ ವಾಕ್ಯಗಳೂ ಇದ್ದವು. ಅವರು ಕೇಸನ್ನು ಮತ್ತೆ ಮೇಲಕ್ಕೆ ಕಳಿಸಿದರು. ಆದರೆ ಅಷ್ಟರಲ್ಲಿ ಅಮೆರಿಕದಿಂದ ಬಂಡವಾಳ ಬರುವುದು ನಿಂತು ನಮ್ಮ ಜಾಲತಾಣ ಮುಚ್ಚಿತ್ತು. ಕಿರಣ್ ಹೇಳುತ್ತಿದ್ದ ಹಾಗೆ ಕೆಟ್ಟ ಮಾಲನ್ನು ಮಾರುಕಟ್ಟೆಯೇ ಕೊಂದಿತೆಂದು ಯಾರಾದರೂ ಹೇಳಬಹುದು. ಪುಡಿ ಸಾಯಲಿಲ್ಲ. ಅದನ್ನು ಮಾಡುವವರು ಹೆಸರು ಬದಲಿಸಿ ಬೇರೆ ಡಬ್ಬಿಗೆ ತುಂಬಿದರು. ಹಳೆಯ ಹೆಸರಿನ ಮೇಲಿದ್ದ ಕೇಸು ಅಲ್ಲಿಗೇ ನಿಂತಿತು. ಕರಪತ್ರ ಬರೆದವರು ಯಾರೆಂದು ಕಾಕಾ ಊಹಿಸಿರಬೇಕು, ಆದರೂ ನನ್ನ ಹೆಸರನ್ನು ಎಲ್ಲೂ ಬರೆಯಲಿಲ್ಲ. ಕೆಲಸ ಹೋಯಿತೆಂದು ನಾನು ಹೇಳಿದಾಗ "ಹೂಂ" ಅಂದರು. ಅಂದಿನಿಂದ ಊರಿನ ಕಾಗದಗಳನ್ನು ಓದಿಸಲು ನನ್ನನ್ನು ಕರೆಯುವುದು ಬಿಟ್ಟರು. ಚಿಗವ್ವ ಓದುವ ತನಕ ಅವು ಕಿಟಕಿಯಲ್ಲೇ ಇರುತ್ತಿದ್ದವು.

ಯುಗಾದಿಗೆ ಇನ್ನೂ ಕೆಲವು ದಿನವಿತ್ತು. ಎದುರು ಮನೆಯ ಬೇವಿನ ಹೂವು ನಮ್ಮ ಮೆಟ್ಟಿಲ ತನಕ ಹಾರಿ ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಚಿಗವ್ವ ಮಂಚದ ಮೇಲೆ ದಿಂಬಿಗೊರಗಿ ಕೂತು, ಒಂದು ಪೋಸ್ಟ್ ಕಾರ್ಡು ತಗೊಂಡು ಬಾ ಎಂದಳು. ಕಾಕಾ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಪೇಪರು ಹಿಡಿದಿದ್ದರು.

"ಯಾರಿಗೆ ಚಿಗವ್ವಾ?"

"ಗುಲಬರ್ಗಾದ ಶಾಂತಾಬಾಯಾರಿಗೆ. ನಾ ಅಂತೂ ಕಾಲು ಕಳಕೊಂಡೆ. ಅವರೂ ಡಬ್ಬಿ ಮುಚ್ಚಿಟ್ಟು ಕುಂತಾರ, ಪಾಪ. ಯಾರೂ ಹೇಳೋರಿಲ್ಲಂದ್ರ ಏನ ಗತಿ? ಊರ ಹೆಸರು ಬರಿ, ಪೋಸ್ಟಿನಾಂವ ಹುಡುಕತಾನ."

ಹೇಳಬೇಕಿತ್ತು. ಆ ಹೆಸರಿನವರು ಯಾರೂ ಇಲ್ಲ ಚಿಗವ್ವಾ, ಅಕಿ ನಾನ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ. ಬಾಯಿ ತೆರೆದೆ. ಅವಳ ಮುಖದಲ್ಲಿ ನನ್ನ ಮೇಲಿದ್ದ ನಂಬಿಕೆ ನೋಡಿ ಮುಚ್ಚಿದೆ. ಪೆನ್ನು ತೆಗೆದು, ಮಂಡಿಯ ಮೇಲೆ ರಟ್ಟು ಇಟ್ಟುಕೊಂಡು ಕೂತೆ. ಅವಳು ಹೇಳುತ್ತಾ ಹೋದಳು.

"ಶಾಂತಾಬಾಯಾರಿಗೆ ಗೌರವ್ವನ ಶರಣು. ನೀವು ನನ್ನ ನೋಡಿಲ್ಲ, ನಾ ನಿಮ್ಮ ನೋಡಿಲ್ಲ. ಆದ್ರ ನಿಮ್ಮ ಕಾಲಿನ ಬ್ಯಾನಿ ನನಗ ಗೊತ್ತೈತಿ. ಉರಿ ನಿಂತೈತಿ ಅಂತ ಖುಷಿ ಪಡಬ್ಯಾಡ್ರಿ. ಬೆರಳಿಲೆ ಮುಟ್ಟಿ ನೋಡ್ಕೋರಿ, ಮುಟ್ಟಿದ್ದು ತಿಳೀತೈತೋ ಇಲ್ಲೋ. ಜಗಲಿ ಮ್ಯಾಲಿಂದ ಡಬ್ಬಿ ತಗೀರಿ, ಇವತ್ತ ತಗೀರಿ." ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿ ಮತ್ತೆ ಹೇಳಿದಳು. "ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನಿಮಗೂ ಯಾರೋ ಮೋಸ ಮಾಡ್ಯಾರ. ನಿಮ್ಮ ತಪ್ಪಿಲ್ಲ."

ನನ್ನ ಕೈ ನಿಂತಿತು. ಆ ಮೂರು ಮಾತು ಬರೆಯಲು ಆಗಲಿಲ್ಲ. ಚಿಗವ್ವ ಕಣ್ಣು ಮುಚ್ಚಿದ್ದಳು, ಅವಳಿಗೆ ಗೊತ್ತಾಗಲಿಲ್ಲ. ಪೇಪರಿನ ಹಿಂದಿನಿಂದ ಕಾಕಾನ ದನಿ ಬಂತು. ಎರಡು ತಿಂಗಳಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಬರಿ ಲೀಲಾ. ಈ ಸಲ ಏನೂ ಬಿಡಬ್ಯಾಡ."

ಬರೆದೆ. ಕಾರ್ಡಿನ ಈ ಕಡೆ ಜಾಗ ಮುಗಿದಿತ್ತು. ತಿರುಗಿಸಿ, ವಿಳಾಸಕ್ಕೆ ಬಿಟ್ಟಿದ್ದ ಗೆರೆಗಳ ಮೇಲೆ ಆ ಮೂರು ಮಾತು ಬರೆದೆ.